ಎರಡನೇ ಪಂಕ್ತಿಯ ಕೋಳಿಗಳು

ಜನವರಿ 12, 1987, ಸೋಮವಾರ

ಈ ಡೈರಿ ನನ್ನ ಹೊಟ್ಟೆಗಾಗಿ. ಚಿಂಚೋಳಿ ದವಾಖಾನೆಯ ಡಾಕ್ಟರು, "ಜಗದೇವಪ್ಪನೋರೆ, ಏನು ಉಂಡ್ರಿ, ಯಾವಾಗ ಉರೀತು, ದಿನಾ ಬರೀರಿ. ಎರಡು ತಿಂಗಳಾದ ಮ್ಯಾಲ ತಂದು ತೋರಸ್ರಿ" ಎಂದಿದ್ದಾರೆ. ಇಪ್ಪತ್ತೆಂಟು ವರ್ಷ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿ ಎತ್ತು ಎಮ್ಮೆಗಳ ಹೊಟ್ಟೆಯುಬ್ಬರಕ್ಕೆ ಔಷಧ ಕುಡಿಸಿದವನಿಗೆ ತನ್ನ ಹೊಟ್ಟೆಯ ವಿಷಯ ಗೊತ್ತಿಲ್ಲವೆಂದರೆ ನಗೆಗೇಡು. ಆದರೂ ಬರೆಯುತ್ತೇನೆ.

ಮಧ್ಯಾಹ್ನ: ಖಾನಾವಳಿ. ರೊಟ್ಟಿ ಎರಡು, ಬದನೆಕಾಯಿ ಪಲ್ಯ. ಮೂರು ಗಂಟೆಗೆ ಎದೆಯುರಿ. ಸಂಜೆ ಹುಳಿತೇಗು, ಎಣಿಸಲಿಲ್ಲ.

ಉರಿಯುವ ಹೊತ್ತಿಗೇ ನಮ್ಮ ಪಶುವೈದ್ಯ ಖಂಡಪ್ಪ ಸಾಹೇಬರು ಕರೆದರು. ಮೇಜಿನ ಮೇಲೆ ಒಂದು ಡಬ್ಬಿ. ಅದರಲ್ಲಿ ಕಂದು ಬಣ್ಣದ ಪುಡಿ, ಹುಳಿ ಹಿಟ್ಟಿನ ವಾಸನೆ. ಎಂಜೈಮ್ ಅಂತೆ. ಇದನ್ನು ಬ್ರಾಯ್ಲರ್ ಕೋಳಿಯ ಆಹಾರದಲ್ಲಿ ಕಲಸಿದರೆ ಜೋಳ, ತೌಡಿನಲ್ಲಿರುವ ಸತ್ವ ಹೆಚ್ಚು ಜೀರ್ಣವಾಗುತ್ತದೆಯೋ ಇಲ್ಲವೋ ನೋಡಬೇಕು. ನೂರಿಪ್ಪತ್ತು ಮರಿ, ಏಳು ವಾರ. ಅರ್ಧಕ್ಕೆ ಪುಡಿ, ಅರ್ಧಕ್ಕೆ ಇಲ್ಲ. ವಾರಕ್ಕೊಮ್ಮೆ ತೂಕ.

"ಸಾಹೇಬ್ರೆ, ನಾನು ತತ್ತಿನೂ ಮುಟ್ಟಿದವನಲ್ಲ" ಎಂದೆ.

"ತಿನ್ರಿ ಅಂತ ಯಾರು ಹೇಳಿದ್ರು? ತೂಗ್ರಿ ಸಾಕು. ಇದೊಂದು ಅಚ್ಚುಕಟ್ಟಾಗಿ ಮುಗಿಸ್ರಿ, ಮುಧೋಳಕ್ಕ ನಿಮ್ಮ ವರ್ಗಾವಣಿ ಶಿಫಾರಸು ನಾ ಬರಕೊಡ್ತೀನಿ."

ಹನ್ನೊಂದು ವರ್ಷದಿಂದ ಕೇಳುತ್ತಿರುವುದು. ಮುಧೋಳದಲ್ಲಿ ನನ್ನ ಅಕ್ಕ ಸುಂದರಮ್ಮನ ಮನೆ ಇದೆ. ಹೆಂಡತಿ ತೀರಿಕೊಂಡ ಮೇಲೆ ನಾನು ನೆಮ್ಮದಿಯಾಗಿ ಉಂಡದ್ದೆಂದರೆ ರಜೆಗೆ ಹೋದಾಗ ಅಕ್ಕನ ಕೈಯಲ್ಲಿ ಮಾತ್ರ. ಖಾನಾವಳಿಯಲ್ಲಿ ಇನ್ನೆರಡು ವರ್ಷ ಉಂಡರೆ ಈ ಹೊಟ್ಟೆ ನನ್ನನ್ನು ಉಳಿಸುವುದಿಲ್ಲ. ಕೋಳಿಯಾದರೆ ಕೋಳಿ. ಒಪ್ಪಿಕೊಂಡೆ.

ಜನವರಿ 15, ಗುರುವಾರ

ಬೆಳಿಗ್ಗೆ ಉಪ್ಪಿಟ್ಟು. ಹತ್ತಕ್ಕೆ ಉರಿ.

ಹೈದರಾಬಾದ್ ಕಡೆಯ ಬಸ್ಸಿನ ಟಾಪಿನ ಮೇಲೆ ತೂತು ಕೊರೆದ ನಾಲ್ಕು ಪೆಟ್ಟಿಗೆಗಳಲ್ಲಿ ಮರಿಗಳು ಬಂದವು. ಒಂದು ದಿನದವು. ಬಾಬುಮಿಯಾನ ಶೆಡ್ಡಿಗೆ ಒಯ್ದೆವು. ಈತ ಶಹಾಬಾದಿನಲ್ಲಿ ಇಪ್ಪತ್ತು ವರ್ಷ ಕಲ್ಲು ಸೀಳಿದವನು. ಸೊಂಟ ಹೋಯಿತು, ನಮ್ಮ ಈ ಚಂದಾಪುರಕ್ಕೆ ಬಂದು ಕೋಳಿ ಸಾಕತೊಡಗಿದ. ಶೆಡ್ಡಿಗೂ ಶಹಾಬಾದ್ ಪರಸಿ ಕಲ್ಲನ್ನೇ ಹಾಸಿದ್ದಾನೆ. ನಮ್ಮ ಆಸ್ಪತ್ರೆಯ ನೆಲ ಅಷ್ಟು ಚೆನ್ನಾಗಿಲ್ಲ.

ನಡುವೆ ಬಿದಿರಿನ ತಟ್ಟಿ ಕಟ್ಟಿಸಿದೆ. ಆ ಕಡೆ ಅರವತ್ತು, ಈ ಕಡೆ ಅರವತ್ತು. ಒಡೆದ ಜೋಳ, ಶೇಂಗಾ ಹಿಂಡಿ, ತೌಡು, ಒಣಮೀನಿನ ಪುಡಿ ಎಲ್ಲವನ್ನೂ ಮೂಗಿಗೆ ಟವೆಲ್ ಕಟ್ಟಿಕೊಂಡು ನಾನೇ ತೂಗಿ ಕಲಸಿದೆ. ಪುಡಿ ಹಾಕಿದ ಚೀಲಗಳಿಗೆ ಕೆಂಪು ದಾರ, ಹಾಕದವುಗಳಿಗೆ ಬಿಳಿ ದಾರ. ಪ್ರತಿ ಶನಿವಾರ ಹೀಗೆಯೇ ಕಲಸಿ ಕಟ್ಟುವುದು. ದಿನಾ ಹಾಕುವುದು ಮನೆಯವರ ಕೆಲಸ.

ಬಾಬುಮಿಯಾನಿಗೆ ವಿವರಿಸಿದೆ. ಜೋಳದ ಕಾಳಿನೊಳಗೆ ಸತ್ವದ ಸುತ್ತ ಗಟ್ಟಿ ಗೋಡೆ ಇರುತ್ತದೆ, ಮರಿಯ ಹೊಟ್ಟೆಗೆ ಅದನ್ನು ಕೆಡಹುವ ತಾಕತ್ತಿಲ್ಲ, ಈ ಪುಡಿ ಆ ಗೋಡೆಯನ್ನು ಕೆಡಹುತ್ತದೆ. ಆತ ಭಕ್ತಿಯಿಂದ ತಲೆಯಾಡಿಸಿದ. ಆತನ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಅಂದ್ರ ತಿಂದದ್ದು ಕರಗಸೋ ಹಾಜಮಾ ಪುಡಿ ಅನ್ರಿ. ಕುಂದ್ರಿ ಸಾಹೇಬ್ರೆ, ಚಾ ತರ್ತೀನಿ."

ಹೊರಗಿನದು ಏನೂ ಮುಟ್ಟುವುದಿಲ್ಲ, ಹೊಟ್ಟೆ ಸರಿಯಿಲ್ಲ ಎಂದೆ.

"ಕೋಳಿಗೆ ಹಾಜಮಾ ಮಾಡಸಾಕ ಬಂದಾವ್ರಿಗೇ ಹಾಜಮಾ ಇಲ್ಲೇನ್ರಿ?"

ಮಾತು ಹೆಚ್ಚು ಆಕೆಗೆ.

ಜನವರಿ 19, ಸೋಮವಾರ

ಖಾನಾವಳಿ. ಬೇಳೆಯಲ್ಲಿ ಎಣ್ಣೆ ತೇಲುತ್ತಿತ್ತು. ಎರಡು ಗಂಟೆಯಿಂದ ಐದರ ತನಕ ಉರಿ.

ಬಾಬುಮಿಯಾನ ಹೆಂಡತಿ ತಟ್ಟಿಯ ಹತ್ತಿರ ನಿಂತು, "ಈ ಕಡಿ ಮರಿಗಳ ತಪ್ಪೇನ್ರಿ? ಅವಕ್ಯಾಕ ಇಲ್ಲ ಪುಡಿ?" ಎಂದು ಕೇಳಿದಳು. ತಪ್ಪಲ್ಲ, ಹೋಲಿಸಿ ನೋಡುವುದಕ್ಕೆ ಎಂದು ಹೇಳಿದೆ. ಒಬ್ಬರಿಗೆ ಕೊಡದಿದ್ದರೆ ತಾನೇ ಕೊಟ್ಟವರಿಗೆ ಎಷ್ಟು ಲಾಭವಾಯಿತೆಂದು ತಿಳಿಯುವುದು? ವಿಜ್ಞಾನವೆಂದರೆ ಹೀಗೆ. ಕಾಲು ಗಂಟೆ ಹೇಳಿದೆ. ಆಕೆ ಮರಿಗಳನ್ನೇ ನೋಡಿ ಒಳಗೆ ಹೋದಳು. ಒಪ್ಪಿಕೊಂಡಳೆಂದು ಕಾಣುತ್ತದೆ.

ಜನವರಿ 24, ಶನಿವಾರ

ಆಹಾರ ಕಲಸಿ ಚೀಲ ಕಟ್ಟಿದೆ. ಮೀನಿನ ಪುಡಿಯ ವಾಸನೆ ಅಂಗಿಯಿಂದ ಹೋಗುತ್ತಿಲ್ಲ, ಖಾನಾವಳಿಯವನು ನನ್ನನ್ನು ಮೂಲೆಯಲ್ಲಿ ಕೂಡಿಸಿದ. ಉಂಡೆ. ವಿಪರೀತ ಉರಿ. ಗುಳಿಗೆಯ ಪಟ್ಟಿ ತಂದೆ, ಹತ್ತರಲ್ಲಿ ಒಂದು ನುಂಗಿದೆ.

ಜನವರಿ 27, ಮಂಗಳವಾರ

ಖಾನಾವಳಿಗೆ ಬೀಗ. ಮಾಲೀಕ ಮಗಳ ಊರಿಗೆ ಹೋಗಿದ್ದಾನೆ, ಯಾವಾಗ ಬರುತ್ತಾನೋ ಗೊತ್ತಿಲ್ಲ. ಹೊಟ್ಟೆ ಖಾಲಿಯಿಟ್ಟುಕೊಂಡೇ ಮರಿ ತೂಗುತ್ತಿದ್ದೆ. ಬಗ್ಗಿದಾಗ ತಲೆ ಸುತ್ತಿತು. ಬಾಬುಮಿಯಾ ಹಿಡಿದು ಕೂಡಿಸಿದ. ಆತನ ಹೆಂಡತಿ ಹಸೀನಾಬೇಗಂ ಒಂದು ಸ್ಟೀಲ್ ಪಾತ್ರೆ ತಂದು ನನ್ನೆದುರೇ ಬೂದಿ ಹಚ್ಚಿ ತಿಕ್ಕಿ ತೊಳೆದು, ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ ಕೊಟ್ಟಳು. "ನಿಮ್ದು ಪಾತ್ರಿ ಬ್ಯಾರೆನೇ ಇಡ್ತೀನ್ರಿ. ಇದ್ರಾಗ ಮತ್ತೇನೂ ಮಾಡಂಗಿಲ್ಲ" ಎಂದಳು. ಸರ್ಕಾರಿ ಕೆಲಸ ನಿಲ್ಲಬಾರದಲ್ಲ ಎಂದು ಕುಡಿದೆ.

ಸಂಜೆಯ ತನಕ ಉರಿಗಾಗಿ ಕಾದೆ. ಬರಲಿಲ್ಲ. ನಾಳೆ ಬರಬಹುದು.

ಫೆಬ್ರವರಿ 2, ಸೋಮವಾರ

ತೂಕ: ಪುಡಿಯವು ಸರಾಸರಿ ಮುನ್ನೂರ ನಲವತ್ತು ಗ್ರಾಂ, ಇಲ್ಲದವು ಮುನ್ನೂರ ಮೂವತ್ತೆಂಟು. ಪುಡಿ ಇನ್ನೂ ನಿದ್ದೆಯಿಂದ ಎದ್ದಿಲ್ಲ.

ಊಟ: ಬಾಬುಮಿಯಾನ ಮನೆ. ಪುಂಡಿಪಲ್ಯ, ಬಿಸಿ ರೊಟ್ಟಿ ಮೂರು. ಖಾನಾವಳಿ ತೆರೆಯುವವರೆಗೆ ಮಾತ್ರ ಎಂದು ಸ್ಪಷ್ಟವಾಗಿ ಹೇಳಿದ್ದೇನೆ. ಜೋಳ ಕಾಯಿಪಲ್ಯ ನಾನೇ ತಂದುಕೊಡುತ್ತೇನೆ. ಅವರು ಒಳಗೆ ಊಟದ ಬಟ್ಟೆ, ದಸ್ತರಖಾನ್, ಹಾಸಿಕೊಂಡು ಒಟ್ಟಿಗೆ ಕೂಡುತ್ತಾರೆ. ನನಗೆ ಹೊರಗೆ ಪಡಸಾಲೆಯಲ್ಲಿ ಮಣೆ ಬೇರೆ, ತಟ್ಟೆ ಬೇರೆ, ಪಾತ್ರೆ ಬೇರೆ ಇರಲೆಂದು ನಾನೇ ಹೇಳಿದ್ದೇನೆ. ನನ್ನ ಶಿಸ್ತು ನನಗೆ. ಅವರ ಮಾತೆಲ್ಲ ಗೋಡೆಯಾಚೆಯಿಂದ ಕೇಳುತ್ತದೆ, ಯಾವುದಕ್ಕೆ ನಗುತ್ತಾರೆಂದು ಮಾತ್ರ ಗೊತ್ತಾಗುವುದಿಲ್ಲ.

ಪುಡಿಯಿಲ್ಲದ ಎರಡನೇ ಗುಂಪಿನಲ್ಲೊಂದು ಕುಂಟ ಮರಿಯಿದೆ. ಕುಂಟುತ್ತಲೇ ಎದೆ ಸೆಟೆಸಿ ತಟ್ಟಿಯ ಉದ್ದಕ್ಕೂ ಪಹರೆ ತಿರುಗುತ್ತದೆ. ದಫೇದಾರ ಎಂದು ಕರೆದೆ. ದಾಖಲೆಯ ಅನುಕೂಲಕ್ಕೆ.

ಫೆಬ್ರವರಿ 7, ಶನಿವಾರ

ಖಾನಾವಳಿ ತೆರೆದಿದೆಯಂತೆ. ಆ ಕಡೆ ಹೋಗಲು ಸಮಯವಾಗಲಿಲ್ಲ.

ಫೆಬ್ರವರಿ 13, ಶುಕ್ರವಾರ

ಈ ವಾರದ್ದು ಜೀರ್ಣದ ಪರೀಕ್ಷೆ. ಕೋಳಿ ತಿಂದದ್ದೆಷ್ಟು, ಹೊರಗೆ ಹಾಕಿದ್ದೆಷ್ಟು, ನಡುವೆ ಮೈಗೆ ಹತ್ತಿದ್ದೆಷ್ಟು ಎಂದು ತಿಳಿಯಬೇಕು. ಪ್ರತಿ ಗುಂಪಿನಿಂದ ಎಂಟು ಕೋಳಿಗಳನ್ನು ತಂತಿಯ ಪಂಜರಗಳಲ್ಲಿಟ್ಟು, ಕೆಳಗೆ ತಟ್ಟೆ ಇಟ್ಟು, ಮೂರು ದಿನ ಹಿಕ್ಕೆ ಕೂಡಿಹಾಕಿದೆ. ಒಣಗಿಸಿದೆ. ತೂಗಿದೆ. ಓಣಿಯವರಿಗೆಲ್ಲ ಕೆಲಸ ಸಿಕ್ಕಿತು. ಎದುರು ಮನೆಯ ಭಾಗಮ್ಮ, "ಕಿಲೋಕ್ಕ ಹ್ಯಾಂಗ ಕೊಡ್ತೀರಿ ಸಾಹೇಬ್ರೆ?" ಎಂದು ಕೇಳಿದಳು. ನಾನು ತೂಗುತ್ತಲೇ ಇದ್ದೆ. ಹಸೀನಾಬೇಗಂ ಉತ್ತರಿಸಿದಳು: "ಉದ್ದರಿ ಇಲ್ಲವ್ವಾ ತಾಯಿ, ನಗದು."

ಫೆಬ್ರವರಿ 16, ಸೋಮವಾರ

ಹದಿನಾರು ಪೊಟ್ಟಣ ಒಣಹಿಕ್ಕೆ ತೆಗೆದುಕೊಂಡು ಪ್ರಯೋಗಾಲಯಕ್ಕೆ ಕೊಡಲು ಗುಲ್ಬರ್ಗಾಕ್ಕೆ ಹೋದೆ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಕಂಡಕ್ಟರ್ ಮೂಗರಳಿಸಿ, "ಏನ್ರಿ, ಒಣಮೀನೇನ್ರಿ?" ಎಂದ. ಸರ್ಕಾರಿ ಕಾಗದಪತ್ರ ಎಂದೆ. "ಅದಕ್ಕ ಅನ್ರಿ" ಎಂದು ಮುಂದೆ ಹೋದ. ಪಕ್ಕದವನು ಎದ್ದು ನಿಂತೇ ಪ್ರಯಾಣ ಮಾಡಿದ. ನನಗೆ ಕಾಲು ಚಾಚಲು ಜಾಗವಾಯಿತು.

ಹಸೀನಾಬೇಗಂ ಕಟ್ಟಿಕೊಟ್ಟ ಬುತ್ತಿ: ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಹುಣಸೆಕಾಯಿ ತೊಕ್ಕು. ತೊಕ್ಕು ಇನ್ನಷ್ಟು ಇರಬೇಕಿತ್ತು.

ಫೆಬ್ರವರಿ 26, ಗುರುವಾರ, ಶಿವರಾತ್ರಿ

ಉಪವಾಸ. ಆದರೂ ಶೆಡ್ಡಿಗೆ ಹೋದೆ, ಕೋಳಿಗಳಿಗೆ ಶಿವರಾತ್ರಿ ಇಲ್ಲ. ಹಸೀನಾಬೇಗಂ ಗೆಣಸು ಕುದಿಸಿ ಬಾಳೆಹಣ್ಣು ಇಟ್ಟಿದ್ದಳು. ನೋಡಿದರೆ ಬಾಬುಮಿಯಾನ ಮುಂದೆಯೂ ಗೆಣಸು, ಬಾಳೆಹಣ್ಣು.

"ನಂದೇನು ಶಿವರಾತ್ರಿರಿ?" ಎಂದು ಆತ ನನ್ನ ಹತ್ತಿರ ದೂರು ಕೊಟ್ಟ. "ಮುಂಜಾನಿಂದ ರೊಟ್ಟಿ ಕೇಳ್ಲಿಕತ್ತೀನಿ. ನೀವು ಬರೋದು ಶುರು ಆದಾಗಿಂದ ಮಟನ್ ಮನಿ ಕಡಿ ಮುಖ ಹಾಕಿಲ್ಲ. ಇವತ್ತ ರೊಟ್ಟೀನೂ ಹೋತು."

"ಒಬ್ಬರು ಗೆಣಸು ತಿನ್ನಾಗ ಒಬ್ಬರು ರೊಟ್ಟಿ ಪಲ್ಯ ಬಾರಸೋದು ಚಂದ ಕಾಣ್ತದೇನ್ರಿ?" ಎಂದಳು ಆಕೆ.

ಬಾಬುಮಿಯಾ ಪಾಪದವನು. ಹೆಂಗಸರ ಹಟದ ಮುಂದೆ ಯಾರ ಆಟ ನಡೆಯುತ್ತದೆ?

ಮಾರ್ಚ್ 5, ಗುರುವಾರ

ನಲವತ್ತೊಂಬತ್ತನೇ ದಿನ. ಕೊನೆಯ ತೂಕ. ಪುಡಿ ಹಾಕಿದವು ಒಂದು ಕಿಲೋ ಐನೂರ ಹತ್ತು. ಹಾಕದವು ಒಂದು ಕಿಲೋ ಐನೂರ ಎಂಟು. ಪ್ರಯೋಗಾಲಯದ ಕಾಗದವೂ ಬಂತು: ಜೀರ್ಣವಾದ ಸತ್ವ ಎರಡು ಗುಂಪಿನಲ್ಲೂ ಒಂದೇ.

ಅಂದರೆ ಪುಡಿಯಿಂದ ಪ್ರಯೋಜನವಿಲ್ಲ. ಖಂಡಪ್ಪ ಸಾಹೇಬರು ಬೇಸರಪಡಲಿಲ್ಲ. "ಆಗಲಿಲ್ಲಂದ್ರ ಆಗಲಿಲ್ಲ ಅಂತ ಬರೀರಿ. ಕೆಲಸ ಅಚ್ಚುಕಟ್ಟಾಗ್ಯದ, ನನಗಷ್ಟೇ ಬೇಕು. ಸೋಮವಾರ ವರದಿ ಜೊತಿಗೇ ವರ್ಗಾವಣಿ ಅರ್ಜಿ ತರ್ರಿ." ಅಕ್ಕನಿಗೆ ಕಾರ್ಡು ಬರೆಯಬೇಕು.

ಸಂಜೆ ಬಾಬುಮಿಯಾನಿಗೆ ಹೇಳಿದೆ. ಆತ ಒಂದು ಕೋಳಿಯನ್ನು ಎತ್ತಿ ಕೈಯಲ್ಲೇ ತೂಗಿದ.

"ಪುಡಿ ಕೆಲಸ ಮಾಡಿಲ್ಲ ಅಂತೀರಿ. ಹೋದ ಸಲ ನಂದು ಇದೇ ಜೋಳ, ಇದೇ ಹಿಂಡಿ ಇತ್ತಲ್ರಿ. ಒಂದು ಕಿಲೋ ಮುನ್ನೂರೈವತ್ತರ ಮ್ಯಾಲ ಒಂದೂ ಏಳಲಿಲ್ಲ. ಈ ಸಲ ಎರಡೂ ಕಡಿವು ಹ್ಯಾಂಗ ಎದ್ದವ್ರಿ?"

ಮರಿ ಬೇರೆ, ಹವೆ ಬೇರೆ ಎಂದೆ. ಮನೆಗೆ ಬಂದ ಮೇಲೆ ಆ ಮಾತು ತಲೆಯಲ್ಲಿ ಕಲ್ಲಿನ ಹಾಗೆ ಕೂತಿದೆ.

ಮಾರ್ಚ್ 6, ಶುಕ್ರವಾರ

ಶೆಡ್ಡಿನಲ್ಲಿ ಉಳಿದಿದ್ದ ಬಿಳಿ ದಾರದ ಚೀಲಕ್ಕೆ ಕೈ ಹಾಕಿ ಮೂಸಿದೆ. ಹುಳಿ ಹಿಟ್ಟಿನ ವಾಸನೆ. ಕೆಂಪು ದಾರದ್ದರಲ್ಲೂ ಅದೇ.

ಹಸೀನಾಬೇಗಂ ರೊಟ್ಟಿ ಬಡಿಯುತ್ತಿದ್ದಳು. ಕೇಳಿದೆ. ಕೈ ನಿಲ್ಲಿಸದೆ ಹೇಳಿದಳು.

"ಹೌದ್ರಿ, ನಾನೇ ಕಲಸಿದ್ದು. ನೀವು ಶನಿವಾರ ಚೀಲ ಕಟ್ಟಿ ಹ್ವಾದ ಮ್ಯಾಲ ಎಲ್ಲಾ ಬಿಚ್ಚಿ, ತಾಡಪತ್ರಿ ಮ್ಯಾಲ ಸುರುವಿ, ಕಲಸಿ, ತಿರುಗಿ ತುಂಬತಿದ್ದೆ. ಕೆಂಪು ದಾರದ ಚೀಲಕ್ಕ ಕೆಂಪು, ಬಿಳೀದಕ್ಕ ಬಿಳೀದು. ದಾರ ಒಂದ ದಿನಾನೂ ತಪ್ಪಿಸಿಲ್ಲ."

"ಎಂದಿನಿಂದ?"

"ಈ ಮರಿಗಳ ತಪ್ಪೇನು ಅಂತ ನಿಮ್ಮನ್ನ ಕೇಳಿದ್ನಲ್ರಿ, ಆ ದಿನದಿಂದ. ತಟ್ಟಿ ಸಂದ್ಯಾಗಿಂದ ಆ ಕಡಿವು ಕುತಗಿ ಹಾಕಿ ನೋಡ್ತಿದ್ದವ್ರಿ. ಒಂದ ಛತ್ತಿನ ಬುಡಕ ಕೂಡಿಸಿ, ಇವರಿಗೆ ಒಂದು ಅವರಿಗೆ ಒಂದು ಬಡಸೋದು ನನ್ನ ಕೈಲೆ ಆಗಂಗಿಲ್ಲ. ನಮ್ಮವ್ವ ಕಲಿಸಿಲ್ಲ."

ಪಂಕ್ತಿಭೇದ. ಈ ಮಾತನ್ನು ನಮ್ಮವ್ವನೂ ಹೇಳುತ್ತಿದ್ದಳು. ಮದುವೆಯ ಊಟದಲ್ಲಿ ಒಂದು ಸಾಲಿಗೆ ಹೋಳಿಗೆ, ಮತ್ತೊಂದು ಸಾಲಿಗೆ ಬರೀ ಅನ್ನ ಬಡಿಸಿದವರ ಮನೆಗೆ ನಮ್ಮಪ್ಪ ಮತ್ತೆ ಕಾಲಿಡಲಿಲ್ಲ. ಆದರೆ ಇವು ಕೋಳಿಗಳು.

"ನನಗ್ಯಾಕ ಹೇಳಲಿಲ್ಲ?" ಎಂದು ಕೂಗಿದೆ. ಏಳು ವಾರ ಮೀನಿನ ಪುಡಿ ಕಲಸಿದ್ದು, ಹಿಕ್ಕೆ ಒಣಗಿಸಿದ್ದು, ಬಸ್ಸಿನಲ್ಲಿ ಹೊತ್ತದ್ದು ಎಲ್ಲ ನೀರುಪಾಲು. ಅಷ್ಟು ಸಿಟ್ಟು ನನಗೆ ಎಷ್ಟೋ ವರ್ಷಗಳಿಂದ ಬಂದಿರಲಿಲ್ಲ. ಊಟ ಮಾಡದೆ ಬಂದೆ.

ಬಾಬುಮಿಯಾ ಹಿಂದೆಯೇ ಗೇಟಿನವರೆಗೆ ಬಂದ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತ. "ಆಕಿ ಹೆಸರು ಬರೀಬ್ಯಾಡ್ರಿ ಸಾಹೇಬ್ರೆ. ಡಾಕ್ಟರ್ ಸಾಬ್ರು ಮುಂದಿನ ಮರಿ ಬ್ಯಾರೆಯವ್ರಿಗೆ ಕೊಟ್ರ ಶೆಡ್ಡು ಖಾಲಿ ಬೀಳ್ತದ. ಕಲ್ಲಿನ ಕೆಲಸಕ್ಕ ಹೋಗೋ ಮೈ ಉಳದಿಲ್ಲ ನಂದು."

ಮಾರ್ಚ್ 7, ಶನಿವಾರ

ಖಾನಾವಳಿಯಲ್ಲಿ ಉಂಡೆ. ಶೇಂಗಾ ಎಣ್ಣೆಯೋ ಮತ್ತೇನೋ. ಎದೆಯುರಿ.

ಲೆಕ್ಕ ಸುಲಭ. ಪುಡಿಯಿಂದ ಪ್ರಯೋಜನವಿಲ್ಲ ಎಂದು ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ತಕ್ಕಡಿ ತೋರಿಸಿದ್ದನ್ನೇ ಬರೆದಂತಾಯಿತು. ನಾನು ಮುಧೋಳಕ್ಕೆ ಹೋಗುತ್ತೇನೆ. ಆದರೆ ಪುಡಿ ನಿಜವಾಗಿ ಕೆಲಸ ಮಾಡುವುದಾದರೆ? ಜೋಳ ಬಿಟ್ಟರೆ ಕೋಳಿಗೆ ಹಾಕಲು ಬೇರೆ ಕಾಳು ಸಿಗದ ಈ ಸೀಮೆಯಲ್ಲಿ ಬಾಬುಮಿಯಾನಂಥವರಿಗೆ ನನ್ನ ಒಂದು ಸಾಲಿನಿಂದ ಅದು ತಪ್ಪಿಹೋಗುತ್ತದೆ. ನಿಜ ಬರೆದರೆ ಹಸೀನಾಬೇಗಂ ಹೆಸರು ಬರುತ್ತದೆ.

ವರ್ಗಾವಣೆ ಅರ್ಜಿಯನ್ನಾದರೂ ತುಂಬೋಣವೆಂದು ಕುಳಿತೆ. ಕಾರಣ ಎಂಬಲ್ಲಿ, 'ಈ ಸ್ಥಳದ ಆಹಾರ ಒಗ್ಗದೆ ಸತತ ಹೊಟ್ಟೆಯುರಿ' ಎಂದು ಬರೆದು, ದಿನಾಂಕಗಳಿಗಾಗಿ ಈ ಡೈರಿಯನ್ನು ತಿರುವಿದೆ. ಜನವರಿ 12, ಉರಿ. 15, ಉರಿ. 19, ಉರಿ. 24, ವಿಪರೀತ ಉರಿ. ಆಮೇಲೆ ಇಲ್ಲ. ಇವತ್ತಿನ ತನಕ ಇಲ್ಲ. ಬರೆಯಲು ಮರೆತಿರಬೇಕೆಂದು ಗುಳಿಗೆಯ ಪಟ್ಟಿ ತೆಗೆದು ನೋಡಿದೆ. ಹತ್ತರಲ್ಲಿ ಒಂಬತ್ತು ಹಾಗೆಯೇ ಇವೆ.

ಚಂದಾಪುರದ ನೀರು ಬದಲಾಗಿರಬೇಕು. ಅದೇನೇ ಇರಲಿ, ಸುಳ್ಳು ಕಾರಣ ಬರೆಯುವುದು ಸರಿಯಲ್ಲ. ಅರ್ಜಿ ಹರಿದೆ.

ಮಾರ್ಚ್ 9, ಸೋಮವಾರ

ವರದಿ ಕೊಟ್ಟೆ. 'ಆಹಾರದ ಚೀಲಗಳು ಒಂದಕ್ಕೊಂದು ಕಲೆತುಹೋಗಿದ್ದರಿಂದ ಎರಡೂ ಗುಂಪುಗಳು ಒಂದೇ ಆಹಾರ ತಿಂದಿವೆ. ಪುಡಿಯ ಬಗ್ಗೆ ಏನೂ ಹೇಳಲು ಬರುವುದಿಲ್ಲ. ಮೇಲ್ವಿಚಾರಣೆ ನನ್ನದು, ಲೋಪವೂ ನನ್ನದು.'

ಖಂಡಪ್ಪ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏಳು ವಾರ ನಿಮ್ಮ ಕಣ್ಮುಂದ ಚೀಲ ಕಲತಾವ, ನಿಮಗ ಗೊತ್ತಾಗಿಲ್ಲ. ಈಗ ನಾ ಯಾವ ಬಾಯಿಲೆ ಶಿಫಾರಸು ಮಾಡ್ಲಿ ಜಗದೇವಪ್ಪ?"

"ಮಾಡಬ್ಯಾಡ್ರಿ ಸಾಹೇಬ್ರೆ. ಡಬ್ಬ್ಯಾಗ ಪುಡಿ ಇನ್ನಾ ಉಳದದ. ಇನ್ನೊಂದು ಸಲ ಮಾಡೋಣ. ಅದೇ ಶೆಡ್ಡು ಇರ್ಲಿ. ನಡುವ ತಟ್ಟಿ ಬ್ಯಾಡ, ಪರಸಿ ಕಲ್ಲಿನ ಗ್ವಾಡಿ ಕಟ್ಟಸ್ತೀನಿ, ಆ ಕಡಿವು ಈ ಕಡಿ ಕಾಣಬಾರ್ದು. ಚೀಲಕ್ಕ ಬೀಗ ಹಾಕಿ ಎರಡೂ ಹೊತ್ತು ನಾನೇ ಬಂದು ಹಾಕ್ತೀನಿ."

"ಮತ್ತ ಏಳು ವಾರ? ಮುಧೋಳದ ಜಾಗಾ ಅಷ್ಟೊತ್ತಿಗೆ ತುಂಬ್ತದ್ರಿ."

"ತುಂಬ್ಲಿ ಬಿಡ್ರಿ" ಎಂದುಬಿಟ್ಟೆ. ಹನ್ನೊಂದು ವರ್ಷ ಕೇಳಿದ್ದನ್ನು ಎರಡು ಮಾತಿನಲ್ಲಿ ಬಿಟ್ಟದ್ದು ಹೇಗೆಂದು ನನಗೂ ತಿಳಿಯದು. ಸಾಹೇಬರು ಕನ್ನಡಕ ಹಾಕಿಕೊಂಡು ಎರಡನೇ ಪ್ರಯೋಗಕ್ಕೆ ಸಹಿ ಹಾಕಿದರು.

ಮಾರ್ಚ್ 10, ಮಂಗಳವಾರ

ಕೋಳಿ ಒಯ್ಯುವ ಮಜೀದಸಾಬ ಬೆಳಿಗ್ಗೆಯೇ ಬುಟ್ಟಿಗಳ ಸಮೇತ ಬಂದಿದ್ದ. ನನಗೆ ಆಸ್ಪತ್ರೆಯಲ್ಲಿ ತುರ್ತು ಕೆಲಸವಿತ್ತು, ಸೀಸೆಗಳನ್ನು ಜೋಡಿಸುವುದು. ಸಂಜೆ ಹೋದಾಗ ಶೆಡ್ಡು ಖಾಲಿ. ನಡುವೆ ಸತ್ತ ನಾಲ್ಕು ಬಿಟ್ಟು ನೂರಹದಿನಾರು ಇರಬೇಕಾದಲ್ಲಿ ನೂರಹದಿನೈದು ಹೋಗಿವೆ ಎಂದು ಬಾಬುಮಿಯಾ ಹೇಳಿದ. ಅಷ್ಟರಲ್ಲಿ ದಫೇದಾರ ಕುಂಟುತ್ತ ಅಡುಗೆಮನೆಯಿಂದ ಹೊರಗೆ ಬಂದ. ನಾನು ಲೆಕ್ಕವನ್ನು ಅಲ್ಲಿಗೇ ಮುಗಿಸಿದೆ.

ಮತ್ತೆ ಮರಿ ಬರುತ್ತವೆ, ಇದೇ ಶೆಡ್ಡಿಗೆ, ಎಂದು ಹೇಳಿದೆ. ಬಾಬುಮಿಯಾ ಕಣ್ಣೊರೆಸಿಕೊಂಡ. ನಾನು ದಫೇದಾರನ ಕಾಲು ನೋಡುತ್ತ ನಿಂತೆ.

ಪಡಸಾಲೆಯಲ್ಲಿ ಮಣೆ ಹಾಕಿತ್ತು. ತಟ್ಟೆ, ತಿಕ್ಕಿದ ನನ್ನ ಸ್ಟೀಲ್ ಪಾತ್ರೆ. ಒಳಗೆ ಅವರ ದಸ್ತರಖಾನ್. ಹಸೀನಾ ರೊಟ್ಟಿ ತಂದು ಹಾಕಿ, ಹೋಗದೆ ಅಲ್ಲೇ ನಿಂತಳು.

"ಒಂದ ಮಾತು ಹೇಳ್ತೀನಣ್ಣಾ, ಸಿಟ್ಟಾಗಬ್ಯಾಡ್ರಿ. ಕೋಳಿಗಳಿಗೇ ನಾ ಭೇದ ಮಾಡಿಲ್ಲ. ನಿಮಗ ಆರು ವಾರದಿಂದ ಮಾಡ್ಲಿಕತ್ತೀನಿ, ನೀವು ಅಂದ್ರಿ ಅಂತ. ದಿನಾ ಬಡಸಾಗ ಕೈ ಹಿಂದ ಬರ್ತದ."

ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ಬಾಬುಮಿಯಾನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಆತ ಸರಿದು ಜಾಗ ಮಾಡಿದ. "ಪಲ್ಯ ಇದರಾಗಿಂದೇ ಬಡಿಸವ್ವಾ ತಂಗಿ" ಎಂದು ಅವರ ಪಾತ್ರೆ ತೋರಿಸಿದೆ. ಬಡಿಸಿದಳು. ಅವರು ಊಟದ ಹೊತ್ತಿನಲ್ಲಿ ಯಾವುದಕ್ಕೆ ನಗುತ್ತಾರೆಂಬುದು ಇವತ್ತು ಗೊತ್ತಾಯಿತು. ನನಗೇ. ಇವತ್ತು, ಬಸ್ಸಿನಲ್ಲಿ ಹಿಕ್ಕೆ ಒಯ್ದದ್ದಕ್ಕೆ.

ರೊಟ್ಟಿ ನಾಲ್ಕು. ಬದನೆಕಾಯಿ ಪಲ್ಯ. ಹುಣಸೆಕಾಯಿ ತೊಕ್ಕು, ಎರಡು ಸಲ.

ಹೊಟ್ಟೆ: ಬರೆಯುವಂಥದ್ದೇನೂ ಇಲ್ಲ.